ಹತ್ತು ಹೆಸರಿನ ಒಂದು ಕಾಯಿಲೆಗೆ ಕಂಪ್ಯೂಟರಿನಲ್ಲಿ ಒಂದೇ ಗುರುತು ಕೊಡುವುದು ಹೇಗೆ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಟ್ರಸ್ಟ್ ನಡೆಸುತ್ತಿರುವ 60 ಹಾಸಿಗೆಗಳ ಆಸ್ಪತ್ರೆ. ನಾನು ಅಲ್ಲಿ ಆಡಳಿತವನ್ನೂ ನೋಡಿಕೊಳ್ಳುವ ವೈದ್ಯೆ. ಏಳು ವರ್ಷಗಳಿಂದ ರೋಗಿಗಳ ದಾಖಲೆ ಕಂಪ್ಯೂಟರಿನಲ್ಲಿದೆ. ಈಚೆಗೆ ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ತಪಾಸಣಾ ಶಿಬಿರ ಮಾಡಬೇಕೆಂದು ಪಟ್ಟಿ ತೆಗೆಯಲು ಹೊರಟಾಗ ಒಬ್ಬರ ದಾಖಲೆಯಲ್ಲಿ ‘ಡಿಎಂ’, ಇನ್ನೊಬ್ಬರದರಲ್ಲಿ ‘ಟಿ2ಡಿಎಂ’, ಮತ್ತೊಬ್ಬರದರಲ್ಲಿ ‘ಶುಗರ್’, ‘ಡಯಾಬಿಟಿಕ್’, ‘ಕೆ/ಸಿ/ಒ ಡಿಎಂ’ ಎಂದಿತ್ತು. ಕೌಂಟರಿನಲ್ಲಿ ಕನ್ನಡದಲ್ಲಿ ಬರೆದುಕೊಂಡ ಕಡೆ ‘ಸಕ್ಕರೆ ಕಾಯಿಲೆ’, ‘ಸಿಹಿಮೂತ್ರ’ ಎಂದಿತ್ತು. ಕೊನೆಗೆ ಪಟ್ಟಿಯಲ್ಲಿ ಬಂದವರಿಗಿಂತ ನಮ್ಮದೇ ಔಷಧಾಲಯದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಒಯ್ಯುವವರ ಸಂಖ್ಯೆಯೇ ಹೆಚ್ಚಿತ್ತು. ಸಾಫ್ಟ್‌ವೇರ್ ಕಂಪನಿಯವರು ‘ಐಸಿಡಿ ಕೋಡ್ (ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿನ ಗುರುತು) ಕಡ್ಡಾಯ ಮಾಡುತ್ತೇವೆ, ಕೋಡ್ ಆರಿಸದೆ ಪುಟ ಮುಂದಕ್ಕೆ ಹೋಗದಂತೆ ಮಾಡಿಬಿಡುತ್ತೇವೆ’ ಎನ್ನುತ್ತಾರೆ. ಹಿರಿಯ ವೈದ್ಯರು ಒಪ್ಪುತ್ತಿಲ್ಲ. ಟ್ರಸ್ಟಿನ ಸದಸ್ಯರೊಬ್ಬರು ಕನ್ನಡ–ಇಂಗ್ಲಿಷ್ ಪದಪಟ್ಟಿ ಮಾಡಿ, ಒಂದು ಕಾಯಿಲೆಗೆ ಒಂದೇ ಪದ ಬಳಸಬೇಕೆಂಬ ನಿಯಮ ತರೋಣ ಎನ್ನುತ್ತಾರೆ. ನಮ್ಮಲ್ಲಿ ಆಯುರ್ವೇದ ವಿಭಾಗವೂ ಇದೆ. ಯಾವ ದಾರಿ ಸರಿ? ಹಳೆಯ ದಾಖಲೆಗಳಿಗೂ ಕೋಡ್ ಹಾಕಿಸಬೇಕೇ? ದಾಖಲೆಗಳನ್ನು ರೋಗಿಗಳ ಆಭಾ ಸಂಖ್ಯೆಗೆ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆಗೆ) ಜೋಡಿಸುವ ಮುನ್ನ ಏನನ್ನು ಸರಿಪಡಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ. ರೋಗಿಯನ್ನು ಎದುರಿಗೆ ಕೂರಿಸಿಕೊಂಡ ವೈದ್ಯರಿಗೆ ‘ಡಿಎಂ’ ಎಂದರೂ ‘ಶುಗರ್’ ಎಂದರೂ ಒಂದೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿಗಾದರೋ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಕ್ಷರಸಾಲುಗಳು. ಮನುಷ್ಯರು ಓದುವುದಕ್ಕೆಂದು ಬರೆದ ದಾಖಲೆಯನ್ನು ಯಂತ್ರವು ಎಣಿಸಬೇಕಾಗಿ ಬಂದಾಗಲೆಲ್ಲ ಈ ತೊಡಕು ಎದುರಾಗುತ್ತದೆ. ಹೀಗೆ ಪಟ್ಟಿಯಿಂದ ಬಿಟ್ಟುಹೋದವರಲ್ಲಿ ಯಾರದೋ ಅಕ್ಷಿಪಟಲದಲ್ಲಿ ರಕ್ತ ಒಸರಲು ಆರಂಭವಾಗಿರಬಹುದು, ಅವರಿಗೆ ಶಿಬಿರದ ಕರೆ ಹೋಗಿರುವುದಿಲ್ಲ. ಆದ್ದರಿಂದ ಇದನ್ನು ಬರಿಯ ಕಚೇರಿ ಕೆಲಸದ ಅಚ್ಚುಕಟ್ಟುತನದ ಪ್ರಶ್ನೆ ಎಂದು ನಾನು ನೋಡುವುದಿಲ್ಲ.

ಶಿಬಿರದ ದಿನ ಹತ್ತಿರವಿದ್ದರೆ ಈಗಿಂದೀಗ ಮಾಡಬಹುದಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಔಷಧಾಲಯದಿಂದ ಮೆಟ್‌ಫಾರ್ಮಿನ್ ಒಯ್ಯುವವರ ಪಟ್ಟಿ, ಪ್ರಯೋಗಾಲಯದಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚು ಬಂದವರ ಪಟ್ಟಿ, ರೋಗನಿರ್ಣಯದ ಅಂಕಣದಲ್ಲಿ ನೀವು ಗುರುತಿಸಿದ ಪದಗಳಿರುವವರ ಪಟ್ಟಿ, ಈ ಮೂರನ್ನೂ ಒಟ್ಟುಗೂಡಿಸಿ, ನಡುವೆ ಪುನರಾವರ್ತನೆಯಾದ ಹೆಸರುಗಳನ್ನು ತೆಗೆಸಿ. ಔಷಧಾಲಯದ ಪಟ್ಟಿಯೊಂದನ್ನೇ ನಂಬಬೇಡಿ, ಏಕೆಂದರೆ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವ ಹೆಣ್ಣುಮಕ್ಕಳಿಗೂ ಮೆಟ್‌ಫಾರ್ಮಿನ್ ಕೊಡುವುದುಂಟು. ಇನ್ಸುಲಿನ್ ಒಂದನ್ನೇ ತೆಗೆದುಕೊಳ್ಳುವವರು ಆ ಪಟ್ಟಿಯಲ್ಲಿ ಸಿಗುವುದೂ ಇಲ್ಲ.

ಇನ್ನು ಟ್ರಸ್ಟಿನ ಸದಸ್ಯರ ಸಲಹೆ. ಒಂದು ಕಾಯಿಲೆಗೆ ಒಂದೇ ಪದ ಎಂಬ ನಿಯಮ ಮಾಡಿದರೆ ಪರಿಭಾಷೆ ಏಕರೂಪವಾಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ, ಮತ್ತು ಅದು ತಪ್ಪು. ನಿಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗು ಕಚ್ಚುವುದರಿಂದ ಬರುವ ಜ್ವರವನ್ನು ಮಲೆನಾಡಿನಲ್ಲಿ ಎಲ್ಲರೂ ಮಂಗನ ಕಾಯಿಲೆ ಎನ್ನುತ್ತಾರೆ. ಕೆಎಫ್‌ಡಿ ಎಂದರೂ ಅದೇ. ಕೆನ್ನೆಯ ಕೆಳಗೆ ಊದಿಕೊಳ್ಳುವ ಮಂಪ್ಸ್‌ಗೆ ಮಂಗನ ಬಾವು ಎಂಬ ಹೆಸರಿದೆ, ಕೆಲವೆಡೆ ಗದ್ದಕಟ್ಟು, ಕೆಪ್ಪಟರಾಯ ಎಂದೂ ಹೇಳುತ್ತಾರೆ. 2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ಅದನ್ನೂ ಮಂಗನ ಹೆಸರು ಹಚ್ಚಿ ಕನ್ನಡಕ್ಕೆ ತಂದವರಿದ್ದರು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಪರಿಷ್ಕರಣೆಯಲ್ಲಿ, ಅಂದರೆ ನಾವು ಐಸಿಡಿ-10 ಎನ್ನುವ ಪಟ್ಟಿಯಲ್ಲಿ, ಮೊದಲನೆಯದು ಎ98.2, ಎರಡನೆಯದು ಬಿ26, ಮೂರನೆಯದು ಬಿ04. ಒಂದಕ್ಕೆ ಕಾರಣ ಉಣುಗು ಹರಡುವ ವೈರಸ್, ಇನ್ನೊಂದಕ್ಕೆ ಮಕ್ಕಳಿಂದ ಮಕ್ಕಳಿಗೆ ದಾಟುವ ವೈರಸ್, ಮತ್ತೊಂದು ಸಿಡುಬಿನ ಕುಲಕ್ಕೆ ಸೇರಿದ್ದು. ಕೌಂಟರಿನಲ್ಲಿ ಕುಳಿತ ಹುಡುಗಿ ‘ಮಂಗ’ ಎಂದು ಹುಡುಕಿದಾಗ ತೆರೆಯ ಮೇಲೆ ಎರಡು ಹೆಸರು ಬಂದು, ಅವಸರದಲ್ಲಿ ಬೇರೆಯದರ ಮೇಲೆ ಬೆರಳು ಬಿದ್ದರೆ, ಕಾಡಂಚಿನ ಹಳ್ಳಿಯಲ್ಲಿ ನಿಗಾ ಇಡಬೇಕಾದ ಜ್ವರವೊಂದು ಮಕ್ಕಳ ಊತವಾಗಿ ದಾಖಲಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ಉಂಟು. ‘ಮಗುವಿಗೆ ಅಮ್ಮ ಆಗಿದೆ’ ಎಂದು ತಾಯಿ ಹೇಳಿದರೆ ಅದು ಸೀತಾಳೆ ಸಿಡುಬೂ ಇರಬಹುದು, ದಡಾರವೂ ಇರಬಹುದು. ಇಲ್ಲಿ ಪದ ಒಂದು, ರೋಗ ಎರಡು. ‘ಅಮ್ಮ’ ಎಂಬುದನ್ನು ಪದಪಟ್ಟಿಯಲ್ಲಿ ಒಂದು ಇಂಗ್ಲಿಷ್ ಹೆಸರಿನೆದುರು ಕೂರಿಸಿಬಿಟ್ಟರೆ ತಾಯಿ ಹೇಳದ ಮಾತನ್ನು ನಾವು ಅವಳ ಬಾಯಲ್ಲಿ ಇಟ್ಟಂತೆ. ಕಾಮಾಲೆ, ಕಾಮಣಿ ಎಂಬ ಹೆಸರುಗಳು ಸೂಚಿಸುವುದು ಕಣ್ಣು ಹಳದಿಯಾಗುವ ಲಕ್ಷಣವನ್ನು; ಅದರ ಹಿಂದೆ ಹೆಪಟೈಟಿಸ್ ಇರಬಹುದು, ಪಿತ್ತಕೋಶದ ಕಲ್ಲಿರಬಹುದು, ಇಲಿಜ್ವರವಿರಬಹುದು. ಆಡುಮಾತಿನ ಈ ಪದಗಳು ತಪ್ಪಲ್ಲ. ಅವು ರೋಗಿಯ ಅನುಭವವನ್ನು ಹೇಳುತ್ತವೆ. ರೋಗನಿರ್ಣಯ ವೈದ್ಯರ ಕೆಲಸ. ಎರಡಕ್ಕೂ ಒಂದೇ ಅಂಕಣ ಕೊಟ್ಟಿರುವುದರಿಂದ ಗೊಂದಲವಾಗುತ್ತದೆ. ರೋಗಿ ಹೇಳಿದ್ದನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಿಯೇ, ದೂರಿನ ಅಂಕಣದಲ್ಲಿ ಬರೆದುಕೊಳ್ಳಿ. ಅದಕ್ಕೆ ಕೋಡ್ ಹಾಕುವ ಅಧಿಕಾರವನ್ನು ಕೌಂಟರಿಗೆ ಕೊಡಬೇಡಿ.

ಹಾಗಾದರೆ ಏಕರೂಪಗೊಳಿಸಬೇಕಾದದ್ದು ಯಾವುದು? ಪದದ ಹಿಂದಿರುವ ಅರ್ಥವನ್ನು. ಸ್ನೋಮೆಡ್ ಸಿಟಿ ಎಂಬ ಪರಿಭಾಷಾ ವ್ಯವಸ್ಥೆ ಕಟ್ಟಿರುವುದೇ ಈ ತಿಳಿವಳಿಕೆಯ ಮೇಲೆ. ಅಮೆರಿಕದ ರೋಗಶಾಸ್ತ್ರಜ್ಞರ ಕಾಲೇಜು ಬೆಳೆಸಿದ ಪಟ್ಟಿಯನ್ನೂ ಬ್ರಿಟನ್ನಿನ ಆರೋಗ್ಯ ಸೇವೆ ಬಳಸುತ್ತಿದ್ದ ಪಟ್ಟಿಯನ್ನೂ ಕೂಡಿಸಿ 2002ರಲ್ಲಿ ಇದನ್ನು ಹೊರತಂದರು. ಇದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ. ಒಂದೊಂದು ಪರಿಕಲ್ಪನೆಗೂ ಅರ್ಥವಿಲ್ಲದ ಒಂದು ಅಂಕೆ. ಆ ಅಂಕೆಗೆ ಎಷ್ಟು ಹೆಸರುಗಳನ್ನಾದರೂ ಕಟ್ಟಬಹುದು. 44054006 ಎಂಬುದು ಎರಡನೇ ಬಗೆಯ ಮಧುಮೇಹ. ನಿಮ್ಮ ವೈದ್ಯರು ‘ಟಿ2ಡಿಎಂ’ ಎಂದು ಟೈಪ್ ಮಾಡಲಿ, ‘ಟೈಪ್ 2 ಶುಗರ್’ ಎನ್ನಲಿ, ಒಳಗೆ ಉಳಿಯುವುದು ಆ ಒಂದೇ ಅಂಕೆ. ಬರಿದೇ ‘ಡಿಎಂ’ ಎಂದರೆ 73211009, ಅಂದರೆ ಬಗೆ ಯಾವುದೆಂದು ಹೇಳದ ಮಧುಮೇಹ. ಎರಡನೇ ಬಗೆ ಇದರ ಕೆಳಗೆ ಬರುತ್ತದೆ ಎಂಬ ಸಂಬಂಧವೂ ವ್ಯವಸ್ಥೆಯಲ್ಲಿಯೇ ಇರುವುದರಿಂದ, ‘ಮಧುಮೇಹಿಗಳೆಲ್ಲರನ್ನೂ ತೆಗೆದುಕೊಡು’ ಎಂದು ಕೇಳಿದರೆ ಎರಡೂ ಗುಂಪು ಸಿಗುತ್ತದೆ. ಕನ್ನಡ ಪದಗಳನ್ನೂ ಇದೇ ಅಂಕೆಗಳಿಗೆ ಕಟ್ಟಬಹುದು. ನಿಮ್ಮ ಟ್ರಸ್ಟಿನ ಸದಸ್ಯರ ಶ್ರಮ ಹೀಗೆ ಸಾರ್ಥಕವಾಗುತ್ತದೆ: ಪದಪಟ್ಟಿ ಮಾಡಿ, ಆದರೆ ಯಾವ ಪದವನ್ನೂ ನಿಷೇಧಿಸಬೇಡಿ, ಒಂದು ಅಂಕೆಯೆದುರು ಜನ ಬಳಸುವ ಎಲ್ಲ ಪದಗಳೂ ಬರಲಿ, ‘ಅಮ್ಮ’ದಂಥ ಅನೇಕಾರ್ಥದ ಪದಗಳನ್ನು ಮಾತ್ರ ಬೇರೆ ಪುಟದಲ್ಲಿಡಿ. ಭಾರತ 2014ರಿಂದ ಈ ವ್ಯವಸ್ಥೆಯ ಸದಸ್ಯ ರಾಷ್ಟ್ರವಾಗಿರುವುದರಿಂದ ದೇಶದೊಳಗಿನ ಬಳಕೆಗೆ ಪರವಾನಗಿ ಶುಲ್ಕವಿಲ್ಲ. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರದಲ್ಲಿ ನೋಂದಾಯಿಸಿಕೊಂಡರೆ ಸಾಕು. ಕಂಪನಿಯವರು ಇದರ ಪರವಾನಗಿಗೆಂದು ಬೇರೆ ಹಣ ಕೇಳಿದರೆ ಕಾರಣ ಕೇಳಿ.

ಐಸಿಡಿ ಒಂದಿದ್ದರೆ ಸಾಕು ಎಂಬುದು ಎರಡನೇ ತಪ್ಪು ತಿಳಿವಳಿಕೆ. ಐಸಿಡಿಯ ಮೂಲ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋಂ ಮುಂದಿಟ್ಟ ಮರಣ ಕಾರಣಗಳ ಪಟ್ಟಿ. ಸತ್ತವರನ್ನು ಕಾರಣದ ಪ್ರಕಾರ ಎಣಿಸುವುದು ಅದರ ಉದ್ದೇಶವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಅದನ್ನು ವಹಿಸಿಕೊಂಡ ಮೇಲೆ ಜೀವಂತ ರೋಗಿಗಳ ಕಾಯಿಲೆಗಳೂ ಸೇರಿದವು. ಎಣಿಕೆಗೆಂದು ಮಾಡಿದ ಪಟ್ಟಿಯಾದ್ದರಿಂದ ಪ್ರತಿಯೊಬ್ಬ ರೋಗಿಗೂ ಒಂದು ಡಬ್ಬಿ ಸಿಗಲೇಬೇಕು, ಹಾಗಾಗಿ ಅದರಲ್ಲಿ ಹೆಜ್ಜೆಹೆಜ್ಜೆಗೆ ‘ಇತರೆ’, ‘ನಿರ್ದಿಷ್ಟಪಡಿಸದ’ ಎಂಬ ಡಬ್ಬಿಗಳಿವೆ. ಜಿಲ್ಲೆಗೆ ವರದಿ ಕಳಿಸಲು, ವಿಮೆಯ ಕಾಗದಕ್ಕೆ, ಮರಣ ಪ್ರಮಾಣಪತ್ರದ ಅಂಕಿಅಂಶಕ್ಕೆ ಐಸಿಡಿ ಬೇಕೇ ಬೇಕು. ಮುಂದಿನ ಭೇಟಿಯಲ್ಲಿ ವೈದ್ಯರು ಓದಿ ಚಿಕಿತ್ಸೆ ನಿರ್ಧರಿಸಲು ಅದು ಒರಟು. ನಿಮ್ಮ ಶಿಬಿರದ ವಿಷಯವನ್ನೇ ನೋಡಿ: ಕಣ್ಣಿನ ತೊಡಕಿರುವ ಎರಡನೇ ಬಗೆಯ ಮಧುಮೇಹ ಇ11.3, ತೊಡಕುಗಳಿಲ್ಲದ್ದು ಇ11.9. ಕೋಡ್ ಕಡ್ಡಾಯವಾದ ಕಡೆಗಳಲ್ಲಿ ವೈದ್ಯರು ಅಭ್ಯಾಸಬಲದಿಂದ ಎಲ್ಲರಿಗೂ ಇ11.9 ಒತ್ತುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆಗ ದಾಖಲೆ ಅಚ್ಚುಕಟ್ಟಾಗಿ ಕಾಣುತ್ತದೆ, ಕಣ್ಣಿನ ತೊಂದರೆ ಇರುವವರು ಮಾತ್ರ ಅದರೊಳಗೆ ಮರೆಯಾಗುತ್ತಾರೆ.

ಕೋಡ್ ಕಡ್ಡಾಯ ಮಾಡುವುದರ ಅಪಾಯವನ್ನು ನಾನು ಕಣ್ಣಾರೆ ಕಂಡದ್ದು ಬಹಳ ಹಿಂದೆ, ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ನಮ್ಮಲ್ಲಿ ಟೈಫಾಯ್ಡ್ ಪ್ರಕರಣಗಳು ಏರತೊಡಗಿದವು. ನೀರು ಪರೀಕ್ಷೆಯಾಯಿತು, ಕ್ಯಾಂಟೀನ್ ತಪಾಸಣೆಯಾಯಿತು, ಏನೂ ಸಿಗಲಿಲ್ಲ. ಒಂದು ರಾತ್ರಿ ಕ್ಯಾಷುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಜ್ವರದ ರೋಗಿ ಬಂದರು. ಡಾಕ್ಟರು ‘ಫೀವರ್’ ಎಂದು ಟೈಪ್ ಮಾಡಿದರು. ಹೊರಗೆ ಬೆಂಚಿನಲ್ಲಿ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ತೆರೆಯ ಮೇಲೆ ಆ ಪದವಿರುವ ಕೋಡ್‌ಗಳೆಲ್ಲ ಅಕಾರಾದಿಯಲ್ಲಿ ಇಳಿದವು, ಮೊದಲ ಸಾಲೇ ಎ01.0, ಟೈಫಾಯ್ಡ್ ಫೀವರ್. ಕಾರಣ ತಿಳಿಯದ ಜ್ವರಕ್ಕಿರುವ ಆರ್50.9 ತಲುಪಬೇಕಾದರೆ ಎರಡು ಪುಟ ಕೆಳಗೆ ಜಾರಬೇಕಿತ್ತು. ಅವರು ಎಂಟರ್ ಒತ್ತಿ ಸ್ಟೆತೊಸ್ಕೋಪ್ ಕಿವಿಗಿಟ್ಟುಕೊಂಡರು. ಆ ಯುವ ವೈದ್ಯರನ್ನು ದೂರುವ ಮನಸ್ಸು ನನಗೆ ಆಗಲೂ ಬರಲಿಲ್ಲ. ಅವರು ನೋಡಿದ್ದು ರೋಗಿಯನ್ನು, ಮತ್ತು ಕೊಟ್ಟ ಚಿಕಿತ್ಸೆ ಸರಿಯಾಗಿಯೇ ಇತ್ತು. ಖಚಿತವಾಗಿ ತಿಳಿಯದ್ದನ್ನು ತಿಳಿಯದು ಎಂದು ಬರೆಯಲು ನಾವು ಸುಲಭದ ದಾರಿ ಇಟ್ಟಿರಲಿಲ್ಲ.

ನಿಮ್ಮ ಹಿರಿಯ ವೈದ್ಯರ ಅಸಮ್ಮತಿಯ ಹಿಂದೆ ಇದೇ ಅನುಭವ ಇರಬಹುದು. ಅದನ್ನು ಹೊಸದಕ್ಕೆ ಒಗ್ಗದ ಹಟವೆಂದು ಎಣಿಸಬೇಡಿ. ವೈದ್ಯಕೀಯ ಬರವಣಿಗೆಯಲ್ಲಿ ಅರ್ಧದಷ್ಟು ಮಾತು ಅನುಮಾನದ್ದು. ‘ಆರ್/ಒ ಎಂಐ’ ಎಂದು ಬರೆದರೆ ಹೃದಯಾಘಾತ ಇದೆಯೇ ಎಂದು ನೋಡಿ ತಳ್ಳಿಹಾಕಬೇಕು ಎಂದರ್ಥ. ಕೋಡ್ ಹಾಕುವವರಿಗೆ ‘ಎಂಐ’ ಮಾತ್ರ ಕಂಡರೆ ಎದೆಯುರಿಗೆ ಬಂದವರ ದಾಖಲೆಯಲ್ಲಿ ಹೃದಯಾಘಾತ ಶಾಶ್ವತವಾಗಿ ಕೂರುತ್ತದೆ. ‘ಆರ್‌ಟಿಎ’ ಎಂಬುದು ಕ್ಯಾಷುವಾಲ್ಟಿಯಲ್ಲಿ ರಸ್ತೆ ಅಪಘಾತ, ಮೂತ್ರಪಿಂಡ ತಜ್ಞರ ಕೊಠಡಿಯಲ್ಲಿ ಆಮ್ಲ ಹೊರಹಾಕಲಾಗದ ಒಂದು ಮೂತ್ರಪಿಂಡದ ತೊಂದರೆ. ‘ಎಂಎಸ್’ ಎಂದರೆ ಹೃದಯದ ಕವಾಟ ಕಿರಿದಾಗುವುದೂ ಆಗಬಹುದು, ನರವ್ಯೂಹದ ಕಾಯಿಲೆಯೂ ಆಗಬಹುದು. ಈಚೆಗೆ ಬರೆದದ್ದನ್ನು ತಾನೇ ಓದಿ ಕೋಡ್ ಹಾಕುವ ತಂತ್ರಾಂಶಗಳೂ ಬಂದಿವೆ. ಅವುಗಳನ್ನು ಕೊಳ್ಳುವ ಮುನ್ನ ‘ಸಕ್ಕರೆ ಕಾಯಿಲೆ ಇಲ್ಲ’, ‘ತಂದೆಗೆ ಸಕ್ಕರೆ ಕಾಯಿಲೆ ಇತ್ತು’ ಎಂಬ ಎರಡು ಸಾಲುಗಳನ್ನು ಕೊಟ್ಟು ಏನು ಮಾಡುತ್ತದೆಂದು ನೋಡಿ. ದೇಶದ ರೋಗ ಕಣ್ಗಾವಲು ವ್ಯವಸ್ಥೆಯಲ್ಲಿ ಶಂಕಿತ, ಸಂಭಾವ್ಯ, ಪ್ರಯೋಗಾಲಯದಲ್ಲಿ ದೃಢಪಟ್ಟ ಎಂಬ ಮೂರು ನಮೂನೆಗಳನ್ನು ಎಸ್, ಪಿ, ಎಲ್ ಎಂದು ಬೇರೆ ಬೇರೆ ಇಟ್ಟಿರುವುದು ಈ ಕಾರಣಕ್ಕೇ. ಆ ಮೂರು ಹಂತಗಳನ್ನು ನಿಮ್ಮ ರೋಗನಿರ್ಣಯದ ಅಂಕಣದ ಪಕ್ಕದಲ್ಲಿಯೂ ಇಡಿಸಿ. ಕೋಡಿಗಿಂತ ಮೊದಲು ಬೇಕಾದ ಸುಧಾರಣೆ ಇದು ಎಂದು ನನ್ನ ಅಭಿಪ್ರಾಯ.

ಈಗ ದಾರಿಗಳನ್ನು ತೂಗಿ ನೋಡೋಣ. ವೈದ್ಯರೇ ಐಸಿಡಿ ಆರಿಸುವಂತೆ ಕಡ್ಡಾಯ ಮಾಡುವುದು ಅಗ್ಗ, ಮರುದಿನವೇ ವರದಿ ಸಿಗುತ್ತದೆ, ಆದರೆ ಮೇಲೆ ಹೇಳಿದ ಟೈಫಾಯ್ಡ್‌ನಂಥ ಸುಳ್ಳು ಎಣಿಕೆಯ ಅಪಾಯ ಇದರಲ್ಲಿಯೇ ಅತಿ ಹೆಚ್ಚು. ವೈದ್ಯರು ತಮಗೆ ತೋಚಿದಂತೆ ಬರೆದು, ದಾಖಲೆ ವಿಭಾಗದ ತರಬೇತಿ ಪಡೆದ ಸಿಬ್ಬಂದಿ ಡಿಸ್ಚಾರ್ಜ್ ಆದ ಮೇಲೆ ಕೇಸ್ ಶೀಟ್ ಓದಿ ಕೋಡ್ ಹಾಕುವುದು ಹಳೆಯ, ನಂಬಲರ್ಹ ಪದ್ಧತಿ; ಒಳರೋಗಿಗಳಿಗೆ ಇದು ಇಂದಿಗೂ ಒಳ್ಳೆಯದು, ಆದರೆ ದಿನಕ್ಕೆ ನೂರಾರು ಜನ ಬರುವ ಹೊರರೋಗಿ ವಿಭಾಗಕ್ಕೆ ಎಟಕುವುದಿಲ್ಲ. ನಮ್ಮದೇ ಕೋಡ್ ಮಾಡಿಕೊಳ್ಳುತ್ತೇವೆ, ಡಿ-01 ಎಂದರೆ ಶುಗರ್, ಡಿ-02 ಎಂದರೆ ಬಿಪಿ, ಎಂದು ಹೊರಟ ಆಸ್ಪತ್ರೆಗಳನ್ನೂ ನೋಡಿದ್ದೇನೆ. ಅದನ್ನು ಮಾಡಿದವರು ಕೆಲಸ ಬಿಟ್ಟ ದಿನ ಆ ಪಟ್ಟಿಯ ಅರ್ಥವೂ ಅವರೊಡನೆ ಹೋಗುತ್ತದೆ. ಈ ದಾರಿ ಬೇಡವೇ ಬೇಡ.

ನಿಮ್ಮಂಥ ಆಸ್ಪತ್ರೆಗೆ ನಾನು ಹೇಳುವುದು ಮಧ್ಯದ ದಾರಿ. ಕಳೆದ ಎರಡು ವರ್ಷಗಳ ಹೊರರೋಗಿ ದಾಖಲೆಗಳಲ್ಲಿ ವೈದ್ಯರು ಬರೆದ ಪದಗಳನ್ನೆಲ್ಲ ಎಷ್ಟು ಸಲ ಬಂದಿವೆ ಎಂಬ ಲೆಕ್ಕದೊಡನೆ ಹೊರತೆಗೆಸಿ, ಹೆಚ್ಚಾಗಿ ಬಂದ ಇನ್ನೂರು ಮುನ್ನೂರು ಪದಗಳನ್ನು ಮುದ್ರಿಸಿ, ನಿಮ್ಮ ವೈದ್ಯರನ್ನು ನಾಲ್ಕು ಸಂಜೆ ಕೂರಿಸಿ ಒಂದೊಂದರ ಅರ್ಥ ಖಚಿತಪಡಿಸಿಕೊಂಡು ಸ್ನೋಮೆಡ್ ಅಂಕೆಗೆ ಜೋಡಿಸಿ. ಆ ಬಳಿಕ ವೈದ್ಯರು ತಮ್ಮ ರೂಢಿಯ ಪದವನ್ನೇ ಟೈಪ್ ಮಾಡುತ್ತಾರೆ, ಅಂಕೆ ಒಳಗೆ ಕೂರುತ್ತದೆ, ವರದಿಗೆ ಬೇಕಾದ ಐಸಿಡಿ ಕೋಡನ್ನು ಸಿದ್ಧ ಹೊಂದಾಣಿಕೆ ಕೋಷ್ಟಕದಿಂದ ತಂತ್ರಾಂಶ ಸೂಚಿಸುತ್ತದೆ. ಸೂಚಿಸುತ್ತದೆ ಎಂದೇ ಹೇಳಿದೆ, ನಿರ್ಧರಿಸುತ್ತದೆ ಎನ್ನಲಿಲ್ಲ. ರೋಗಿಯ ವಯಸ್ಸು, ಗರ್ಭಾವಸ್ಥೆ, ಜೊತೆಗಿರುವ ತೊಡಕು ಇವನ್ನು ನೋಡಿ ಐಸಿಡಿ ಬದಲಾಗುವ ಸಂದರ್ಭಗಳು ಬಹಳ, ಅಲ್ಲಿ ಕೋಡರ್ ಒಬ್ಬರ ಕಣ್ಣು ಬೇಕು. ಪಟ್ಟಿಯಲ್ಲಿ ಪದ ಸಿಗದಿದ್ದರೆ ಹಾಗೆಯೇ ಬರೆದು ಮುಂದೆ ಹೋಗುವ ಅವಕಾಶ ಇರಲೇಬೇಕು. ಅಂಥ ಪದಗಳನ್ನು ತಿಂಗಳಿಗೊಮ್ಮೆ ನೋಡಿ ಪಟ್ಟಿಗೆ ಸೇರಿಸಿ. ಇದರ ಖರ್ಚು ಹಣಕ್ಕಿಂತ ಹೆಚ್ಚಾಗಿ ನಿಮ್ಮ ವೈದ್ಯರ ಸಮಯದ್ದು, ಮತ್ತು ಮೊದಲ ವರ್ಷ ವರದಿಗಳಲ್ಲಿ ಸಂಖ್ಯೆಗಳು ಹಿಂದಿನ ವರ್ಷಕ್ಕೆ ತಾಳೆಯಾಗುವುದಿಲ್ಲ ಎಂಬುದನ್ನು ಟ್ರಸ್ಟಿಗೆ ಮೊದಲೇ ತಿಳಿಸಿಡಿ.

ಪ್ರಯೋಗಾಲಯವನ್ನು ಮರೆಯಬೇಡಿ; ನನ್ನ ಕೇಳಿದರೆ ಕೆಲಸ ಅಲ್ಲಿಂದಲೇ ಶುರುವಾಗಲಿ. ಅಲ್ಲಿ ಪರೀಕ್ಷೆಗಳು ಕೆಲವು ನೂರು ಮಾತ್ರ, ಅನುಮಾನಕ್ಕೆ ಎಡೆ ಕಡಿಮೆ, ಆದರೆ ತಪ್ಪಿದರೆ ಹಾನಿ ನೇರ. ‘ಆರ್‌ಬಿಎಸ್’, ‘ಎಫ್‌ಬಿಎಸ್’, ‘ಬ್ಲಡ್ ಶುಗರ್’, ‘ಜಿಆರ್‌ಬಿಎಸ್’ ಎಂಬ ಹೆಸರುಗಳ ಹಿಂದೆ ಊಟಕ್ಕೆ ಮೊದಲೇ, ಬಳಿಕವೇ, ರಕ್ತನಾಳದ ರಕ್ತವೇ, ಬೆರಳ ತುದಿಯದೇ ಎಂಬ ವ್ಯತ್ಯಾಸಗಳಿವೆ. ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾದ ಲಾಯಿಂಕ್ ಎಂಬ ಪಟ್ಟಿ ಇವುಗಳನ್ನು ಬಿಡಿಸಿ ಹೇಳುತ್ತದೆ, ಅದೂ ಉಚಿತ. ಅದರಲ್ಲಿ ಹಿಮೋಗ್ಲೋಬಿನ್ 718-7, ಖಾಲಿ ಹೊಟ್ಟೆಯ ಗ್ಲೂಕೋಸ್ 1558-6, ಎಚ್‌ಬಿಎ1ಸಿ 4548-4. ಏಕಮಾನವನ್ನು ಸಂಖ್ಯೆಯೊಡನೆ ಬಿಡಿಸಲಾಗದಂತೆ ಕಟ್ಟಿಡಿ. ಬ್ರಿಟನ್ನಿನಲ್ಲಿರುವ ಮಗನ ಮನೆಗೆ ಹೋಗಿ ಆರು ತಿಂಗಳಿದ್ದು ಬಂದ ತಾಯಿಯೊಬ್ಬರು ಅಲ್ಲಿನ ವರದಿ ತಂದರೆ ಅದರಲ್ಲಿ ಖಾಲಿ ಹೊಟ್ಟೆಯ ಗ್ಲೂಕೋಸ್ 7.0 ಎಂದಿರಬಹುದು. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ 126, ಅಂದರೆ ಮಧುಮೇಹದ ಹೊಸ್ತಿಲು. ಏಕಮಾನವಿಲ್ಲದೆ 7 ಎಂದಷ್ಟೇ ನಮೂದಾದರೆ ಓದುವವರು ಅದನ್ನು ಜೀವಾಪಾಯದಷ್ಟು ಕಡಿಮೆ ಸಕ್ಕರೆ ಎಂದು ತಿಳಿಯಬಹುದು, ಇಲ್ಲವೇ ಬೇರೆ ಪರೀಕ್ಷೆಯ ಅಂಕೆ ಎಂದುಕೊಂಡು ಮುಂದೆ ಹೋಗಬಹುದು. ಔಷಧಾಲಯದಲ್ಲಿಯೂ ಬ್ರ್ಯಾಂಡಿನ ಹೆಸರಿನ ಜೊತೆಗೆ ಮೂಲ ಔಷಧದ ಹೆಸರು, ಪ್ರಮಾಣ, ರೂಪ ಮೂರೂ ಇರಲಿ. ಡೋಲೋ, ಕ್ರೋಸಿನ್ ಎರಡರಲ್ಲಿಯೂ ಇರುವುದು ಪ್ಯಾರಾಸಿಟಮಾಲ್ ಎಂದು ತಂತ್ರಾಂಶಕ್ಕೆ ತಿಳಿದಿದ್ದರೆ ಮಾತ್ರ ಎರಡನ್ನೂ ಒಟ್ಟಿಗೆ ಬರೆದಾಗ ಅದು ಎಚ್ಚರಿಸಬಲ್ಲದು.

ಕನ್ನಡದ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು. ಮೊದಲನೆಯದು ತೀರಾ ತಾಂತ್ರಿಕವಾದದ್ದು: ನಿಮ್ಮ ಹಳೆಯ ಕನ್ನಡ ಟಿಪ್ಪಣಿಗಳು ಯೂನಿಕೋಡ್‌ನಲ್ಲಿವೆಯೇ ಅಥವಾ ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆಯೇ ಎಂದು ನೋಡಿಸಿ. ಹಳೆಯ ಫಾಂಟಿನಲ್ಲಿದ್ದರೆ ತೆರೆಯ ಮೇಲೆ ‘ಸಕ್ಕರೆ’ ಎಂದು ಕಂಡರೂ ಯಂತ್ರದೊಳಗೆ ಇರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು, ಹುಡುಕಾಟದಲ್ಲಿ ಅದು ಎಂದಿಗೂ ಸಿಗುವುದಿಲ್ಲ. ಅವನ್ನು ಪರಿವರ್ತಿಸಿದ ಮೇಲೂ ಡೆಂಗಿ, ಡೆಂಗೀ, ಡೆಂಗ್ಯೂ, ಡೆಂಘೀ ಎಂಬ ನಾಲ್ಕೂ ಬರಹಗಳು ಒಂದೇ ಅಂಕೆಗೆ ಹೋಗುವಂತೆ ಕಟ್ಟಬೇಕು. ಎರಡನೆಯದು ಅರ್ಥಕ್ಕೆ ಸಂಬಂಧಿಸಿದ್ದು. ನಮ್ಮ ಪತ್ರಿಕೆಗಳಲ್ಲಿಯೂ ಮಾತಿನಲ್ಲಿಯೂ ಹೃದಯಾಘಾತ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳಿಗೆ ಸಲ್ಲುತ್ತಿದೆ. ಹೃದಯದ ಸ್ನಾಯುವಿಗೆ ರಕ್ತ ಪೂರೈಕೆ ನಿಂತು ಸ್ನಾಯು ಸಾಯುವುದು ಹೃದಯಾಘಾತ, ಐ21. ಯಾವುದೇ ಕಾರಣಕ್ಕೆ ಹೃದಯದ ಬಡಿತ ನಿಲ್ಲುವುದು ಹೃದಯ ಸ್ತಂಭನ, ಐ46. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ಸತ್ತವರಿಗೆ ತುಂಬುವ ನಮೂನೆ 4ರಲ್ಲಿ ಸಾವು ಬಂದ ಬಗೆಯನ್ನು ಬರೆಯಬೇಡಿ, ಅದಕ್ಕೆ ಕಾರಣವಾದ ರೋಗವನ್ನು ಬರೆಯಿರಿ ಎಂದಿದೆ. ಆದರೂ ‘ಕಾರ್ಡಿಯಾಕ್ ಅರೆಸ್ಟ್’ ಎಂದಷ್ಟೇ ಬರೆದು ಸಹಿ ಹಾಕಿದ ನಮೂನೆಗಳು ನನ್ನ ಮೇಜಿಗೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಅಂಥ ಕಾಗದದಿಂದ ಆ ಮನುಷ್ಯ ಕ್ಷಯದಿಂದ ಹೋದನೋ ಹಾವು ಕಚ್ಚಿ ಹೋದನೋ ಯಾವ ತಂತ್ರಾಂಶವೂ ಹೇಳಲಾರದು.

ಆಯುರ್ವೇದ ವಿಭಾಗದ ದಾಖಲೆಗಳನ್ನು ಅಲೋಪಥಿಯ ಪದಗಳಿಗೆ ಅನುವಾದಿಸಿ ಕೋಡ್ ಹಾಕಬೇಡಿ. ಆಮವಾತವನ್ನು ರುಮಟಾಯ್ಡ್ ಸಂಧಿವಾತಕ್ಕೆ, ಪಾಂಡುವನ್ನು ರಕ್ತಹೀನತೆಗೆ ಸಮ ಎಂದು ಹಿಡಿಯುವುದು ಸುಲಭ, ಆದರೆ ಎರಡು ಶಾಸ್ತ್ರಗಳು ರೋಗವನ್ನು ವಿಂಗಡಿಸುವ ಗೆರೆಗಳು ಒಂದೇ ಕಡೆ ಬೀಳುವುದಿಲ್ಲ. ಆಯುಷ್ ಸಚಿವಾಲಯದ ನಮಸ್ತೆ ಪೋರ್ಟಲ್‌ನಲ್ಲಿ ಆಯುರ್ವೇದ, ಸಿದ್ಧ, ಯುನಾನಿ ರೋಗನಾಮಗಳಿಗೆ ಅವುಗಳದೇ ಕೋಡ್‌ಗಳಿವೆ. ಐಸಿಡಿ-11ರ 26ನೇ ಅಧ್ಯಾಯದಲ್ಲಿಯೂ ಸಾಂಪ್ರದಾಯಿಕ ವೈದ್ಯಪದ್ಧತಿಗಳಿಗೆ ಸ್ಥಾನ ಸಿಕ್ಕಿದೆ. ವೈದ್ಯರಿಗೆ ಎರಡೂ ರೋಗನಿರ್ಣಯ ಇದೆ ಎನಿಸಿದರೆ ಎರಡನ್ನೂ ಬೇರೆ ಬೇರೆ ನಮೂದಿಸಲಿ.

ಏಳು ವರ್ಷದ ಹಳೆಯ ದಾಖಲೆಗಳಿಗೆಲ್ಲ ಕೋಡ್ ಹಾಕಿಸಲು ಹೋಗಬೇಡಿ. ಬರೆದ ವೈದ್ಯರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಹಾಕಿದ ಕೋಡ್, ಕೋಡ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಊಹೆ ಎಂಬುದು ಮುಂದೆ ಓದುವವರಿಗೆ ಗೊತ್ತಾಗುವುದಿಲ್ಲ. ಒಂದು ದಿನಾಂಕ ಗೊತ್ತುಮಾಡಿ, ಅಲ್ಲಿಂದ ಹೊಸ ಪದ್ಧತಿ ಶುರುಮಾಡಿ. ಸಕ್ಕರೆ, ರಕ್ತದೊತ್ತಡ, ಉಬ್ಬಸ, ಮೂರ್ಛೆರೋಗದಂಥ ದೀರ್ಘಕಾಲದ ಕಾಯಿಲೆಯವರು ಮುಂದಿನ ಸಲ ಬಂದಾಗ, ಅವರನ್ನು ಎದುರಿಗಿಟ್ಟುಕೊಂಡು ವೈದ್ಯರೇ ಸಮಸ್ಯೆಗಳ ಪಟ್ಟಿಯನ್ನು ಹೊಸದಾಗಿ ಬರೆಯಲಿ. ಮೂಲ ಬರಹವನ್ನು ಯಾವ ಕಾರಣಕ್ಕೂ ಅಳಿಸಬಾರದು; ಕೋಡ್ ಅದರ ಪಕ್ಕದಲ್ಲಿ ಇರಬೇಕು, ಅದರ ಜಾಗದಲ್ಲಿ ಕೂರಬಾರದು.

ಆಭಾ ಜೋಡಣೆಯ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕೆಗಳ ಆಭಾ ಸಂಖ್ಯೆಗೆ ಜೋಡಿಸಿದ ದಾಖಲೆಯನ್ನು ರೋಗಿಯ ಒಪ್ಪಿಗೆ ಪಡೆದು ಮತ್ತೊಂದು ಆಸ್ಪತ್ರೆ ನೋಡಬಹುದು. ನಿಮ್ಮಲ್ಲಿದ್ದಾಗ ಸಣ್ಣದಾಗಿದ್ದ ತಪ್ಪು ಅಲ್ಲಿಗೂ ಹೋಗುತ್ತದೆ. ಬಿಸಿಲಿಗೆ ತಲೆಸುತ್ತಿ ಬಿದ್ದ ಹುಡುಗಿಯೊಬ್ಬಳ ಚೀಟಿಯಲ್ಲಿ ‘ಫಿಟ್ಸ್?’ ಎಂದು ಬರೆದದ್ದು ಪ್ರಶ್ನಾರ್ಥಕ ಚಿಹ್ನೆ ಕಳಚಿಕೊಂಡು ಅಪಸ್ಮಾರ ಎಂಬ ಕೋಡ್ ಆದರೆ, ಮದುವೆ, ಕೆಲಸ, ವಿಮೆ ಎಲ್ಲ ಕಡೆಗೂ ಅದು ಅವಳ ಹಿಂದೆ ಬರಬಹುದು. ಜೋಡಿಸುವ ಮುನ್ನ ಎರಡು ಸೌಲಭ್ಯ ಇವೆಯೇ ಎಂದು ಖಚಿತಪಡಿಸಿಕೊಳ್ಳಿ: ಅನುಮಾನದ ಹಂತ ಕೋಡಿನೊಡನೆಯೇ ಸಾಗಬೇಕು, ಮತ್ತು ತಪ್ಪಾಗಿ ದಾಖಲಾದದ್ದನ್ನು ‘ತಪ್ಪಾಗಿ ನಮೂದಾಗಿದೆ’ ಎಂದು ಗುರುತಿಸಿ ಹಿಂಪಡೆಯಲು ಬರಬೇಕು. ರೋಗಿಗೆ ಡಿಸ್ಚಾರ್ಜ್ ಸಮ್ಮರಿ ಕೊಡುವಾಗ ಅವರ ಕಾಯಿಲೆಗಳ ಪಟ್ಟಿಯನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿಸಿ. ‘ನನಗೆ ಇದು ಯಾವತ್ತೂ ಇರಲಿಲ್ಲವಲ್ಲ’ ಎಂಬ ಮಾತು ಅವರಿಂದಲೇ ಬಂದು ತಿದ್ದುಪಡಿಯಾದ ಪ್ರಕರಣಗಳು ನನ್ನ ಅನುಭವದಲ್ಲಿ ಬಹಳ.

ಕಂಪನಿಯವರೊಡನೆ ಕರಾರು ಬರೆಯುವಾಗ ಅವರು ಸ್ನೋಮೆಡ್, ಐಸಿಡಿ, ಲಾಯಿಂಕ್‌ಗಳ ಯಾವ ಆವೃತ್ತಿ ಬಳಸುತ್ತಾರೆ, ಹೊಸ ಆವೃತ್ತಿ ಬಂದಾಗ ಎಷ್ಟು ದಿನದೊಳಗೆ ಬದಲಿಸುತ್ತಾರೆ, ಪ್ರತಿ ಕೋಡಿನೊಡನೆ ಆವೃತ್ತಿಯ ಹೆಸರನ್ನೂ ಉಳಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಐಸಿಡಿ-10ರ ಹಳೆಯ ಆವೃತ್ತಿಗಳಲ್ಲಿ ಡೆಂಗಿಗೆ ಎ90, ಎ91 ಇದ್ದವು, ಮುಂದಿನ ಆವೃತ್ತಿಗಳಲ್ಲಿ ಅದು ಎ97 ಆಯಿತು. ಆವೃತ್ತಿ ನಮೂದಾಗದಿದ್ದರೆ ಒಂದು ವರ್ಷ ನಿಮ್ಮ ಊರಿನಲ್ಲಿ ಡೆಂಗಿ ಇದ್ದಕ್ಕಿದ್ದಂತೆ ಇಲ್ಲವಾದಂತೆ ಕಾಣುತ್ತದೆ. ಐಸಿಡಿ-11 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ನಿಮ್ಮಿಂದ ವರದಿ ಪಡೆಯುವ ಕಚೇರಿಗಳು ಕೇಳುವವರೆಗೆ ಅದಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ಅರ್ಥ ಸ್ನೋಮೆಡ್ ಅಂಕೆಯಲ್ಲಿ ಉಳಿದಿದ್ದರೆ ವರದಿಯ ಕೋಡ್ ಮುಂದೆ ಬದಲಿಸಿಕೊಳ್ಳಬಹುದು. ಮತ್ತು ನಿಮ್ಮ ದತ್ತಾಂಶವನ್ನೆಲ್ಲ ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ನೀವು ಕೇಳಿದಾಗ ಕೊಡುತ್ತೇವೆ ಎಂಬ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.